ಐದು ಎಣಿಸುವಷ್ಟು ಹೊತ್ತು

ರಾಜೇಶ್ವರದಲ್ಲಿ ಡ್ರೈವರು ಎಂಜಿನ್ ಬಂದ್ ಮಾಡಿ ಚಹಾಕ್ಕೆ ಇಳಿದ ಕೂಡಲೆ ಬಸ್ಸಿನೊಳಗೆ ಮೌನ ಬಿತ್ತು. ತುಳಜಾರಾಮ ತನಗರಿವಿಲ್ಲದೆ ಎಣಿಸತೊಡಗಿದ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಸರಿಯಾಗಿ ಯಾರೋ ಹಿಂದಿನ ಬಾಗಿಲನ್ನು ಧಡಾರನೆ ಎಳೆದು ಹಾಕಿದರು. ಅವನು ಕೂತಲ್ಲೇ ಹಾರಿಬಿದ್ದ. ತೊಡೆಯ ಮೇಲಿದ್ದ ಬುತ್ತಿಯ ಗಂಟು ಉರುಳಿ, ಪಕ್ಕದ ಮುದುಕನ ಬಿಳಿ ಧೋತರಕ್ಕೆ ಶೇಂಗಾ ಹಿಂಡಿಯ ಎಣ್ಣೆ ಹತ್ತಿತು. ತುಳಜಾರಾಮ ಕರವಸ್ತ್ರ ತೆಗೆದು ಒರೆಸಲು ಹೋದ. ಒರೆಸಿದಷ್ಟೂ ಕಲೆ ಅಗಲವಾಯಿತು. ಮುದುಕ ಅವನ ಕೈ ದೂಡಿ, ಬಾಗಿಲ ಸಪ್ಪಳಕ್ಕೆ ಹೆದರುವ ಗಂಡಸನ್ನು ಈ ವಯಸ್ಸಿಗೆ ಮೊದಲ ಸಲ ನೋಡಿದೆ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಎದುರಿನ ಸೀಟಿನ ಹೆಂಗಸರಿಬ್ಬರು ಸೆರಗಿನೊಳಗೆ ನಕ್ಕರು. ತುಳಜಾರಾಮನೂ ಹಲ್ಲು ಕಿರಿದ. ಹತ್ತೊಂಬತ್ತು ದಿನ, ದಿನಕ್ಕೆ ನಾಲ್ಕುನೂರು ಮಂದಿಯನ್ನು ಕುರ್ಚಿಯಿಂದ ಹಾರಿಸಿದ ಮನುಷ್ಯ ತಾನು ಎಂದು ಇವರಿಗೆ ಹೇಳಿದರೆ ನಂಬಿಯಾರೆ? ನಂಬದಿದ್ದರೇ ಒಳ್ಳೆಯದು.

ಅಂಗಿಯ ಕಿಸೆಯಲ್ಲಿ ಸಮನ್ಸ್ ಇತ್ತು. ಹುಮನಾಬಾದದ ತನ್ನ ಟಿವಿ ರಿಪೇರಿ ಅಂಗಡಿಗೆ ಪೊಲೀಸಿನವನು ಅದನ್ನು ತಂದುಕೊಟ್ಟ ದಿನದಿಂದ ಅವನು ಅದನ್ನು ಎಷ್ಟು ಸಲ ಬಿಚ್ಚಿ ಮಡಚಿದ್ದನೆಂದರೆ ಮಡಿಕೆಯಲ್ಲಿ ಕಾಗದ ಹರಿದಿತ್ತು. ಬಸವಕಲ್ಯಾಣದ ಕೋರ್ಟು. ದ್ರೌಪತಿ ಎಂಬ ಹೆಂಗಸನ್ನು ಅವಳ ಗಂಡ ನರಸಿಂಗ ಹೊಡೆದು, ತೋಳು ಮುರಿದು, ಎಡಗಿವಿ ಕೆಡಿಸಿದ ಪ್ರಕರಣ. ನಡೆದದ್ದು ನಾಲ್ಕು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಅದೇ ಊರಿನ ಗುಂಡಪ್ಪನ ಟಾಕೀಜಿನಲ್ಲಿ, ತೆರೆಯ ಹಿಂದೆ. ಆಗ ತುಳಜಾರಾಮ ಆ ಟಾಕೀಜಿನಲ್ಲಿ ಪಿಕ್ಚರಿನ ಮಷಿನ್ನು ಓಡಿಸುವ ಆಪರೇಟರ್. ಅವನ ಹೆಸರನ್ನು ಬರೆಸಿದವರು ಪೊಲೀಸರಲ್ಲ, ದ್ರೌಪತಿಯೇ ಎಂದು ಪೊಲೀಸಿನವನು ಹೇಳಿದ್ದ. ಯಾಕೆ ಬರೆಸಿದಳು? ಕಾರಣ ಒಂದೇ ಇರಬೇಕು. ಅವಳಿಗೆ ಗೊತ್ತಾಗಿದೆ. ನರಸಿಂಗನ ಪಕ್ಕದಲ್ಲಿ ತನ್ನನ್ನೂ ನಿಲ್ಲಿಸಿ, ಸಾಹೇಬರೇ ಇವನ ಕೈಯೂ ನೋಡಿರಿ ಎನ್ನುವವಳಿದ್ದಾಳೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಅವನದು ನಾಲ್ಕು ವರ್ಷದಿಂದ ಹುಳ್ಳುಳ್ಳಗೇ ಇತ್ತು.

ಬೆಳಿಗ್ಗೆ ಹೆಂಡತಿ ಶೇವಂತಾಬಾಯಿ ರೊಟ್ಟಿ ಕಟ್ಟಿಕೊಡುತ್ತ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅದರ ನಡುವೆ ಮೂರನೆಯವನಿಗೇನು ಕೆಲಸ ಎಂದು ಕೇಳಿದ್ದಳು. ಕೇಳಿಲ್ಲ ಅಂತ ಒಂದು ಮಾತು ಹೇಳಿ ಮುಂದಿನ ಬಸ್ಸಿಗೆ ಬಂದುಬಿಡು ಎಂದಿದ್ದಳು. ಹಿಂದಿನ ದಿನ ಗುಂಡಪ್ಪನೂ ಅದನ್ನೇ ಹೇಳಿಹೋಗಿದ್ದ. ಟಾಕೀಜಿನ ಮಾಲೀಕ ತಾನೇ ಹುಮನಾಬಾದಕ್ಕೆ ಬಂದು, ಬಿಚ್ಚಿಟ್ಟ ಟಿವಿಗಳ ನಡುವೆ ಸ್ಟೂಲಿನ ಮೇಲೆ ಕೂತು, ಅಂಗಡಿ ಚಲೋ ಇದೆ ಎಂದು ಹೊಗಳಿ, ಆಮೇಲೆ ಎಲೆ ಅಡಿಕೆ ಮೆಲ್ಲುತ್ತ ವಿಷಯಕ್ಕೆ ಬಂದಿದ್ದ. ಮಷಿನ್ನು ಎಷ್ಟು ಗದ್ದಲ ಮಾಡುತ್ತದೆಂದು ಊರಿಗೇ ಗೊತ್ತು. ಕ್ಯಾಬಿನ್ನಿನ ಕಿಂಡಿಗೆ ಗಾಜು ಇತ್ತು. ಗಾಜು ಹಾಕಿತ್ತು, ಏನೂ ಕೇಳಲಿಲ್ಲ ಎಂದರೆ ಟಾಕೀಜಿನ ಹೆಸರೂ ಉಳಿಯಿತು, ನಿನ್ನದೂ ಉಳಿಯಿತು. ತುಳಜಾರಾಮ ಹೂಂ ಅಂದಿದ್ದ. ಹೂಂ ಅನ್ನುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಗಾಜು ಹಾಕಿರಲಿಲ್ಲ. ಆ ಗಾಜನ್ನು ತೆಗೆಸಿದವನು ಉಸ್ತಾದ್ ಶಂಶುದ್ದೀನ್, ಅವನಿಗೆ ಈ ಕೆಲಸ ಕಲಿಸಿದ ಮುದುಕ, ಈಗ ಇಲ್ಲ. ಗೋಡೆಯಲ್ಲಿ ಎರಡು ಕಿಂಡಿ: ಒಂದರಿಂದ ಬೆಳಕು ಹೋಗುತ್ತದೆ, ಇನ್ನೊಂದರಿಂದ ಆಪರೇಟರ್ ನೋಡುತ್ತಾನೆ. ಎರಡನೆಯದರ ಗಾಜನ್ನು ಸ್ಕ್ರೂ ಬಿಚ್ಚಿ ತೆಗೆದು ಉಸ್ತಾದ್ ಹೇಳಿದ್ದ, "ಆಪರೇಟರ್ ಪಿಚ್ಚರ್ ನೋಡಬಾರ್ದು ಬೇಟಾ, ಮಂದಿ ಉಸುರು ಕೇಳಬೇಕು." ಉಳಿದ ಪಿಕ್ಚರುಗಳಿಗೆ ಉಸ್ತಾದನಿಗೆ ಆಸಕ್ತಿ ಇರಲಿಲ್ಲ, ದೆವ್ವದ ಪಿಕ್ಚರು ಬಂದರೆ ಮಾತ್ರ ಮುದುಕನ ಬೆನ್ನು ನೆಟ್ಟಗಾಗುತ್ತಿತ್ತು. ಮೊದಲ ಹತ್ತು ಮಿನಿಟಿನಲ್ಲಿ ಮಂದಿಯ ಕುತ್ತಿಗೆ ಕೈಗೆ ಸಿಗಬೇಕು, ಸಿಗದಿದ್ದರೆ ಮುಂದೆ ಎಷ್ಟು ರಕ್ತ ಚೆಲ್ಲಿದರೂ ಅವರು ಶೇಂಗಾ ತಿನ್ನುತ್ತಾರೆ ಎನ್ನುತ್ತಿದ್ದ. ಮಂದಿ ನೋಡಿದ್ದಕ್ಕೆ ಹೆದರುವುದಿಲ್ಲ, ಕೇಳುತ್ತಿದ್ದದ್ದು ನಿಂತರೆ ಹೆದರುತ್ತಾರೆ. ಅದಕ್ಕೇ ಮೊದಲು ಏನನ್ನಾದರೂ ಕೇಳಿಸು, ರೂಢಿ ಮಾಡಿಸು, ಆಮೇಲೆ ನಿಲ್ಲಿಸು. ಆಂಪ್ಲಿಫೈಯರಿನ ಗುಂಡಿಯ ಮೇಲೆ ತುಳಜಾರಾಮನ ಬೆರಳನ್ನಿಟ್ಟು, ಅದರ ಮೇಲೆ ತನ್ನ ಬೆರಳನ್ನಿಟ್ಟು, ಆವಾಜನ್ನು ಹೇಗೆ ಯಾರಿಗೂ ತಿಳಿಯದಂತೆ ಇಳಿಸಬೇಕೆಂದು ತೋರಿಸಿದ್ದ. ಮಂದಿ ತಾವಾಗಿಯೇ ಮುಂದಕ್ಕೆ ಬಾಗುತ್ತಾರೆ. ಬಾಗಿದವರ ಕುತ್ತಿಗೆ ಉದ್ದವಾಗುತ್ತದೆ. ಐದು ಎಣಿಸು. ಆಮೇಲೆ ಗುಂಡಿಯನ್ನು ಪೂರ್ತಿ ತಿರುಗಿಸು.

ಬಸ್ಸು ಹೊರಟಿತು. ಕಿಟಕಿಯಾಚೆ ತೊಗರಿಯ ಹೊಲಗಳು ಹಿಂದಕ್ಕೆ ಹೋದವು. ಮುದುಕ ಎಣ್ಣೆಯ ಕಲೆಯ ಮೇಲೆ ಟವೆಲ್ ಮುಚ್ಚಿಕೊಂಡು ಮುಖ ಆಚೆ ಮಾಡಿ ಕೂತಿದ್ದ.

ಆ ಪಿಕ್ಚರಿನ ಹೆಸರನ್ನು ತುಳಜಾರಾಮ ಈಗ ಬಾಯಿಂದ ಹೇಳುವುದಿಲ್ಲ. ಅದರ ಶುರುವಾತು ಮಾತ್ರ ಕಣ್ಣು ಮುಚ್ಚಿದರೆ ತಾನಾಗಿಯೇ ಓಡುತ್ತದೆ. ಕಪ್ಪು ತೆರೆಯ ಮೇಲೆ ಹೆಸರುಗಳು, ಹಿಂದೆ ಕಿವಿ ಒಡೆಯುವ ಡೋಲು. ಡೋಲು ನಿಂತು ಹಳೆಯ ವಾಡೆಯೊಂದರ ಅಂಗಳ. ಬಾವಿ, ರಾಟೆ. ಬಿಳಿ ಸೀರೆಯ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನೀರು ಸೇದುತ್ತಿದ್ದಾಳೆ. ರಾಟೆ ಕಿರ್ರೆನ್ನುತ್ತದೆ, ಕಿರ್ರೆನ್ನುತ್ತದೆ, ಕೇಳಿ ಕೇಳಿ ರೂಢಿಯಾಗುತ್ತದೆ. ಕ್ಯಾಮೆರಾ ಅವಳ ಹಿಂದಿನಿಂದ ಬರುತ್ತದೆ, ಮನುಷ್ಯನ ಎದೆಯ ಎತ್ತರದಲ್ಲಿ, ಒಂದು ಹೆಜ್ಜೆ, ತುಸು ತಡೆದು ಇನ್ನೊಂದು ಹೆಜ್ಜೆ. ಬರುವವನು ಯಾರೆಂದು ತೋರಿಸುವುದಿಲ್ಲ. ಮೊದಲ ಸಲ ನೋಡಿದಾಗ ತುಳಜಾರಾಮ ಇದರ ಜಾಣತನಕ್ಕೆ ತಲೆದೂಗಿದ್ದ. ತೋರಿಸುವುದಿಲ್ಲ, ಯಾಕೆಂದರೆ ಬರುವವರು ನಾವೇ. ಒಂದು ರೂಪಾಯಿಯ ಶೇಂಗಾ ಕೈಯಲ್ಲಿ ಹಿಡಿದ ನಾಲ್ಕುನೂರು ಮಂದಿ ಒಂದೇ ಜೋಡಿ ಕಾಲಿನಿಂದ ಆ ಹೆಂಗಸಿನ ಬೆನ್ನಿಗೆ ಹೋಗುತ್ತಿದ್ದಾರೆ. ಅವಳ ಜಡೆ, ಕುತ್ತಿಗೆಯ ಹಿಂಭಾಗ, ಅಲ್ಲಿನ ಸಣ್ಣ ಕೂದಲು. ರಾಟೆ ನಿಲ್ಲುತ್ತದೆ. ಅವಳು ತಿರುಗಬೇಕು, ತಿರುಗುವುದಿಲ್ಲ. ಒಂದು, ಎರಡು, ಮೂರು. ಆಮೇಲೆ ಪಿಕ್ಚರಿನವರ ಬಡಿತ, ಚೀರಾಟ, ಬಾವಿಯಲ್ಲಿ ಬಿದ್ದ ಸಪ್ಪಳ. ಪಿಕ್ಚರಿನವರು ಮೂರಕ್ಕೇ ಆತುರಪಟ್ಟಿದ್ದರು. ಅದೊಂದೇ ತಪ್ಪು. ತಾನಾದರೆ ಐದರ ತನಕ ಕಾಯುತ್ತಿದ್ದೆ ಎಂದು ಅವನಿಗೆ ಅನ್ನಿಸಿತ್ತು. ಆಪರೇಟರ್ ಪಿಕ್ಚರನ್ನು ಉದ್ದ ಮಾಡಲಾರ. ಆದರೆ ರಾಟೆಯ ಆವಾಜನ್ನು ಎರಡು ಎಣಿಕೆ ಮೊದಲೇ ಇಳಿಸಿಬಿಟ್ಟರೆ ಮೂರು ಐದಾಗುತ್ತದೆ.

ಮೊದಲ ದಿನದ ಮ್ಯಾಟಿನಿಗೆ ಹಾಗೆಯೇ ಮಾಡಿದ. ಕಿಂಡಿಗೆ ಕಿವಿಯಿಟ್ಟು ಗುಂಡಿ ಇಳಿಸಿದ. ಮಂದಿಯ ಉಸಿರು ನಿಂತಿತು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ತೆರೆಯ ಎಡಗಡೆಯಿಂದ ಚಟಾರನೆ ಒಂದು ಸಪ್ಪಳ ಬಂತು, ಅದರ ಬೆನ್ನಿಗೇ ಗಂಟಲಲ್ಲೇ ಹಿಸುಕಿದಂಥ ಅವ್ವಾ ಎಂಬ ದನಿ. ನಾಲ್ಕುನೂರು ಮಂದಿ ಒಮ್ಮೆಗೆ ಹಾರಿದರು. ಮುಂದಿನ ಬೆಂಚಿನವರು ಚೀರಿ, ಚೀರಿದ್ದಕ್ಕೆ ನಾಚಿ ನಕ್ಕು, ಆಮೇಲೆ ಚಪ್ಪಾಳೆ ಹೊಡೆದರು. ಪಿಕ್ಚರಿನವರ ಬಡಿತ ಆಮೇಲೆ ಬಂತು. ಅದು ತಂಗಳಾಗಿತ್ತು, ಅದಕ್ಕೆ ಯಾರೂ ಹೆದರಲಿಲ್ಲ. ಸ್ಪೀಕರ್ ಒಡೆಯಿತೇನೋ ಎಂದು ತುಳಜಾರಾಮ ಇಂಟರ್ವಲ್ಲಿನಲ್ಲಿ ಇಳಿದು ತೆರೆಯ ಹಿಂದೆ ಹೋದ. ಅಲ್ಲಿ ಸ್ಪೀಕರ್ ಪೆಟ್ಟಿಗೆಗಳ ಹಿಂದೆ ತಗಡಿನ ಖೋಲಿಯಲ್ಲಿ ಗೇಟಿನವನೂ ಜನರೇಟರಿನವನೂ ಆದ ನರಸಿಂಗನ ಸಂಸಾರ. ದ್ರೌಪತಿ ಇಂಟರ್ವಲ್ಲಿನ ಮಂದಿಗಾಗಿ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಸ್ಪೀಕರ್ ಸರಿ ಇದೆಯೇ ಎಂದು ಅವನು ಕೇಳಿದ. ಸರಿ ಇದೆ ಎಂದು ಅವಳು ಹೇಳಿ ಒಂದು ಬಿಸಿ ಭಜಿಯನ್ನು ಕಾಗದದಲ್ಲಿ ಹಾಕಿಕೊಟ್ಟಳು. ಅವನು ಅದನ್ನು ತಿಂದ.

ಅರ್ಥವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಿಕ್ಚರು ಶುರುವಾಗಿ ಗೇಟು ಹಾಕಿದ ಮೇಲೆ ನರಸಿಂಗ ಹಿಂದೆ ಬರುತ್ತಾನೆ. ಚಹಾ ತಣ್ಣಗಿದ್ದರೆ ಚಹಾಕ್ಕೆ, ಬಿಸಿ ಇದ್ದರೆ ಬಿಸಿ ಇದ್ದದ್ದಕ್ಕೆ. ಮರ್ಯಾದೆಯ ಮನುಷ್ಯ, ಹೆಂಡತಿಯನ್ನು ಹೊಡೆಯುವುದು ಹೊರಗೆ ಕೇಳಬಾರದು. ಹೆಸರು ಬೀಳುವಾಗಿನ ಸಂಗೀತದಲ್ಲಿ ಹೊಡೆದು ಮುಗಿಸುವುದು ಅವನ ಪದ್ಧತಿ. ಯಾವ ಪಿಕ್ಚರಿಗಾದರೂ ಅದು ಸಾಕಾಗುತ್ತಿತ್ತು. ಈ ಪಿಕ್ಚರಿನಲ್ಲಿ ಮಾತ್ರ ಡೋಲು ತಟ್ಟನೆ ನಿಂತು, ರಾಟೆಯೂ ಇಳಿದುಹೋಗಿ, ಎತ್ತಿದ ಕೈ ಮೌನದಲ್ಲಿ ಬಿದ್ದಿತ್ತು. ಎರಡನೆಯ ದಿನ ತುಳಜಾರಾಮ ಗುಂಡಿಯ ಮೇಲೆ ಬೆರಳಿಟ್ಟು ನಿಂತಾಗ ಇದೆಲ್ಲ ಗೊತ್ತಿತ್ತು. ಇಳಿಸದಿದ್ದರೂ ಆಗುತ್ತಿತ್ತು. ಕ್ಯಾಬಿನ್ನಿನಿಂದ ಇಳಿದುಹೋಗಿ ನರಸಿಂಗನ ಕೈ ಹಿಡಿದಿದ್ದರೂ ಆಗುತ್ತಿತ್ತು. ಹದಿನಾರು ಮೆಟ್ಟಿಲು, ಒಂದು ಪಡಸಾಲೆ. ಅವನು ಗುಂಡಿ ಇಳಿಸಿದ. ಖಾತ್ರಿ ಮಾಡಿಕೊಳ್ಳುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಐದಕ್ಕೆ ಏಟು ಬಿತ್ತು. ಹಾಲ್ ಹಾರಿತು. ಕಿಂಡಿಯಿಂದ ಬಂದ ಆ ಚೀರಾಟ ಅವನ ಎದೆಗೆ ತಾಕಿದಾಗ ಆದದ್ದು ಸಂತೋಷ. ಬೇರೆ ಹೆಸರಿಡಲು ನಾಲ್ಕು ವರ್ಷ ಪ್ರಯತ್ನಿಸಿದ್ದ, ಆಗಿರಲಿಲ್ಲ.

ಮೂರನೆಯ ದಿನ ಗುಂಡಪ್ಪ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಬಂದ. ಬೀದರಿನ ಟಾಕೀಜಿನಲ್ಲಿ ಇದೇ ಪಿಕ್ಚರು ನಾಲ್ಕೇ ದಿನಕ್ಕೆ ಬಿದ್ದುಹೋಗಿದೆ, ಇಲ್ಲಿ ಮುಡಬಿಯಿಂದ ಜೀಪು ತುಂಬಿ ಬರುತ್ತಿದ್ದಾರೆ, ಏನು ಮಾಡಿದೆಯೋ ಅದನ್ನೇ ಮಾಡು ಎಂದು ಬೆನ್ನು ತಟ್ಟಿದ. ಮಷಿನ್ನಿಗೆ ಹೂವಿನ ಹಾರ ಹಾಕಿಸಿದ. ತುಳಜಾರಾಮನನ್ನು ಅದುವರೆಗೆ ಯಾರೂ ಸರಿಯಾಗಿ ಹೆಸರು ಹಿಡಿದು ಕರೆದಿರಲಿಲ್ಲ. ಈಗ ಚಹಾದ ಅಂಗಡಿಯಲ್ಲಿ ಮಂದಿ ಅವನನ್ನು ತೋರಿಸಿ, ಆ ಬಾವಿಯ ಆವಾಜ್ ಇವನದೇ ಎನ್ನುತ್ತಿದ್ದರು. ಒಂದು ವಾರಕ್ಕೆ ನರಸಿಂಗನಿಗೂ ಗೊತ್ತಾಯಿತು. ಮೊದಮೊದಲು ಮೌನದಲ್ಲಿ ಬಿದ್ದ ಏಟಿಗೆ ಅವನೂ ಬೆಚ್ಚಿರಬೇಕು, ಯಾರಾದರೂ ಬಂದಾರೆಂದು ಕಾದಿರಬೇಕು. ಯಾರೂ ಬರಲಿಲ್ಲ. ಚಪ್ಪಾಳೆ ಬಂತು. ಆಮೇಲೆ ಅವನು ಡೋಲಿನಲ್ಲಿ ಹೊಡೆಯುವುದನ್ನೇ ಬಿಟ್ಟ. ಸುಮ್ಮನೆ ಅವಳ ಜಡೆ ಹಿಡಿದು ನಿಂತು, ರಾಟೆ ನಿಲ್ಲುವುದನ್ನು ಕಾದು, ಐದಕ್ಕೆ ಸರಿಯಾಗಿ ಕೈ ಇಳಿಸುತ್ತಿದ್ದ. ಒಂದು ದಿನವೂ ಆಚೀಚೆ ಆಗಲಿಲ್ಲ. ತೆರೆಯ ಹಿಂದಿನ ಕೈಯೂ ಗುಂಡಿಯ ಮೇಲಿನ ಕೈಯೂ ಒಂದನ್ನೊಂದು ಕಲಿತಿದ್ದವು, ಬೀಸುವ ಕಲ್ಲಿಗೆ ಕೂತ ಇಬ್ಬರ ಕೈಯಂತೆ.

ಹತ್ತೊಂಬತ್ತನೆಯ ದಿನ ಏಟು ಕೈಯದಾಗಿರಲಿಲ್ಲ. ಜನರೇಟರ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್. ಮೊದಲನೆಯದು ತೋಳಿಗೆ, ಟೊಂಗೆ ಮುರಿದಂಥ ಸಪ್ಪಳ. ಎರಡನೆಯದು ಕಿವಿಗೆ. ಅವಳು ಹಿಂದಿನಿಂದ ಬಂದು ತೆರೆಗೆ ಬಿದ್ದಳು. ಬಿಳಿ ತೆರೆ ಉಬ್ಬಿತು; ಪಿಕ್ಚರಿನ ಹೆಂಗಸಿನ ಬೆನ್ನು ಹೊರಗೆ ಬಂದಂತಾಗಿ ಮುಂದಿನ ಬೆಂಚಿನವರು ಎದ್ದು ಓಡಿದರು, ನಕ್ಕರು, ವಾಪಸು ಬಂದರು. ಆವಾಜ್ ಹೋಗಲೆಂದು ತೆರೆಗೆ ಮಾಡಿರುವ ಸಣ್ಣ ತೂತುಗಳಿಂದ ಕೆಂಪು ಒಸರಿತು. ಬಿಳಿ ಸೀರೆಯ ಮೇಲೆ ಅಂಗೈಯಷ್ಟು ಕೆಂಪು, ಆಮೇಲೆ ಬಾವಿಯ ಮೇಲೆ, ಆಮೇಲೆ ಮುಂದಿನ ಶಾಟಿನ ಆಕಾಶದ ಮೇಲೆ. ಹೆಂಗಸು ಹೋದರೂ ವಾಡೆ ಹೋದರೂ ಕಲೆ ಅಲ್ಲೇ ಇತ್ತು. ಮಂದಿ ಸೀಟಿ ಹೊಡೆದರು. ಇಂಥ ಚಪ್ಪಾಳೆ ಆ ಟಾಕೀಜು ಮತ್ತೆ ಕೇಳಲಿಲ್ಲ. ತುಳಜಾರಾಮ ಕಿಂಡಿಯಿಂದ ಎಲ್ಲ ನೋಡಿದ. ಗುಂಡಿಯನ್ನು ಪೂರ್ತಿ ತಿರುಗಿಸಿದ. ರೀಲು ಬದಲಿಸುವ ಹೊತ್ತಾಗಿತ್ತು, ಬದಲಿಸಿದ. ಇಂಟರ್ವಲ್ಲಿನಲ್ಲಿ ಭಜಿ ಇಲ್ಲವೆಂದು ಮಂದಿ ಗಲಾಟೆ ಮಾಡಿದ ಮೇಲೆಯೇ ಯಾರೋ ಹಿಂದೆ ಹೋಗಿ ನೋಡಿದ್ದು.

ಬಸ್ಸು ಬಸವಕಲ್ಯಾಣ ಮುಟ್ಟಿತು. ಕೋರ್ಟಿಗೆ ನಡೆದುಹೋಗುವಾಗ ಬೇಕೆಂದೇ ಟಾಕೀಜಿನ ಓಣಿ ಬಿಟ್ಟು ಸುತ್ತಿಕೊಂಡು ಹೋದ. ಕೋರ್ಟಿನ ಪಡಸಾಲೆಯಲ್ಲಿ ನರಸಿಂಗ ಇಸ್ತ್ರಿಯ ಅಂಗಿ ಹಾಕಿ, ಹಣೆಗೆ ಕುಂಕುಮ ಇಟ್ಟು, ಯಾರದೋ ಮದುವೆಗೆ ಬಂದವನಂತೆ ನಿಂತಿದ್ದ. ತುಳಜಾರಾಮನನ್ನು ನೋಡಿ ನಕ್ಕು ಹತ್ತಿರ ಬಂದ. ಆರಾಮೇ, ಮಕ್ಕಳು ಆರಾಮೇ ಎಂದು ಕೇಳಿದ. ಆಮೇಲೆ ದನಿ ಇಳಿಸಿದ. "ಬರೋಬರ್ ಐದಕ್ಕ, ಅಲ್ಲೇನು? ಒಂದಿನಾನೂ ತಪ್ಪಿಲ್ಲ ನಾವಿಬ್ರು. ನೀ ನನ್ನ ಹೆಸರು ತಗೊಂಡ್ರ ನಿಂದೂ ಬರ್ತದ ನೋಡು." ಅವನ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ತುಳಜಾರಾಮ ಹಿಂದಕ್ಕೆ ಸರಿದ. ಗೋಡೆ ಹಿಡಿದುಕೊಂಡ. ನಾವಿಬ್ಬರು ಎಂಬ ಆ ಮಾತನ್ನು ಬೇರೆ ಯಾರೂ ಅವನಿಗೆ ಹೇಳಿರಲಿಲ್ಲ, ಮತ್ತು ಅದು ಖರೆಯಾಗಿತ್ತು. ಗೋಡೆ ಹಿಡಿದು ನಿಂತೇ ಅವನಿಗೆ ಇನ್ನೊಂದು ಹೊಳೆಯಿತು: ಇದನ್ನು ನರಸಿಂಗ ಕಟಕಟೆಯಲ್ಲಿ ಹೇಳಲಾರ. ಹೇಳಿದರೆ ಹೊಡೆದದ್ದನ್ನು ಒಪ್ಪಿದಂತೆ. ಹಾಗಾದರೆ ಬಲ್ಲವರು ಇಬ್ಬರೇ, ಒಬ್ಬನ ಬಾಯಿ ಕಟ್ಟಿದೆ. ಉಳಿದವಳು ದ್ರೌಪತಿ. ಅವಳಿಗೆ ಎಷ್ಟು ಗೊತ್ತು?

ಸರ್ಕಾರಿ ವಕೀಲೆ ಭುವನೇಶ್ವರಿ ಅವನನ್ನು ಕೋಣೆಗೆ ಕರೆದು ಕೂರಿಸಿದಳು. ಚಿಕ್ಕ ವಯಸ್ಸಿನವಳು, ಎದುರಿಗೆ ಕಟ್ಟುಕಟ್ಟು ಕಾಗದ. ಉಳಿದ ಮೂವರು ಸಾಕ್ಷಿಗಳು ತಿರುಗಿಬಿದ್ದಿದ್ದಾರೆ. ಹೆಂಗಸು ಏಣಿಯಿಂದ ಬಿದ್ದಳೆಂದು ಗಂಡನ ಕಡೆಯವರು ವಾದಿಸುತ್ತಿದ್ದಾರೆ. ನರಸಿಂಗ ಬಿಡುಗಡೆಯಾದರೆ ತಾನು ಬಾಡಿಗೆ ಹಿಡಿದಿರುವ ಖೋಲಿಗೆ ಬಂದು ಈ ಸಲ ಜೀವ ತೆಗೆಯುತ್ತಾನೆ ಎಂದು ದ್ರೌಪತಿ ಹೇಳುತ್ತಾಳೆ ಎಂದಳು. ತುಳಜಾರಾಮ ತನ್ನ ಹೆಸರನ್ನು ಅವಳು ಯಾಕೆ ಬರೆಸಿದಳೆಂದು ಕೇಳಿದ. ವಕೀಲೆ ಕಾಗದದಿಂದ ತಲೆಯೆತ್ತಿದಳು. "ನಿಮ್ಗ ಗೊತ್ತಿಲ್ಲೇನ್ರಿ? ಆಕಿ ಹೇಳ್ತಾಳ, ಇಡೀ ಟಾಕೀಜಿನ್ಯಾಗ ಮನಷಾ ಅಂದ್ರ ಮ್ಯಾಲಿನ ಅಣ್ಣ ಒಬ್ಬವನೇ ಅಂತ. ನನಗ ಹೊಡಿಯೂದು ಮಂದಿಗಿ ಕೇಳ್ಲಿ, ಯಾರರ ಬಂದು ಬಿಡಸ್ಲಿ ಅಂತ ದಿನಾ ಆವಾಜ್ ಕಮ್ಮಿ ಮಾಡ್ತಿದ್ದ ಅಂತ."

ಅವನು ಕಿಸೆಯ ಸಮನ್ಸನ್ನು ತೆಗೆದು ಬಿಚ್ಚಿ, ಮತ್ತೆ ಮಡಚಿದ. ಹತ್ತೊಂಬತ್ತು ದಿನ ಆ ಹೆಂಗಸು ಜಡೆ ಗಂಡನ ಕೈಯಲ್ಲಿರುವಾಗ ರಾಟೆಯ ಸದ್ದು ಇಳಿಯುವುದನ್ನು ಕೇಳಿ, ಇಗೋ ಅಣ್ಣ ಇಳಿಸಿದ, ಇವತ್ತಾದರೂ ಯಾರಾದರೂ ಬರುತ್ತಾರೆ ಎಂದು ಕಾದಿದ್ದಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ಹೇಗೆ ತಡೆದುಕೊಳ್ಳುವುದು?

ತುಳಜಾರಾಮ ಕಟಕಟೆಯಲ್ಲಿ ನಿಂತಾಗ ದ್ರೌಪತಿ ಎದುರಿನ ಬೆಂಚಿನ ತುದಿಗೆ, ಬಲಗಿವಿ ಅವನ ಕಡೆಗೆ ಮಾಡಿ ಕೂತಿದ್ದಳು. ಮುರಿದು ಕೂಡಿದ ತೋಳು ಮೊಣಕೈಯಲ್ಲಿ ತುಸು ಸೊಟ್ಟ. ಗುಂಡಪ್ಪ ಹಿಂದಿನ ಬೆಂಚಿನಿಂದ ಅವನನ್ನೇ ನೋಡುತ್ತಿದ್ದ. ಕಿಂಡಿಯ ಗಾಜು ಹಾಕಿತ್ತೋ ತೆಗೆದಿತ್ತೋ ಎಂದು ಭುವನೇಶ್ವರಿ ಕೇಳಿದಾಗ, ತೆಗೆದಿತ್ತು ಎಂದ. ಗುಂಡಪ್ಪ ಎದ್ದು ಹೊರಗೆ ಹೋದ. ಏನು ಕೇಳಿಸಿತು ಎಂದು ಅವಳು ಮುಂದೆ ಕೇಳಿದಳು. ಹೊಡೆತ, ಅವ್ವಾ ಎಂಬ ದನಿ, ಹತ್ತೊಂಬತ್ತು ದಿನ, ಕೊನೆಯ ದಿನ ಕಬ್ಬಿಣದ ಸಪ್ಪಳ ಎಂದು ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ನರಸಿಂಗನ ಮುಖದ ಕುಂಕುಮ ಬೆವರಿಗೆ ಇಳಿಯಿತು. ಆಗ ನೀವು ಏನು ಮಾಡಿದಿರಿ ಎಂದು ನ್ಯಾಯಾಧೀಶರು ಕೇಳಿದರು. ಆವಾಜ್ ಕಡಿಮೆ ಮಾಡಿದೆ ಎಂದ. ಯಾಕೆ? ಕೋರ್ಟಿನಲ್ಲಿ ಮೌನ ಬಿತ್ತು. ಫ್ಯಾನಿನ ರೆಕ್ಕೆ ತಿರುಗುವುದೂ ಕೇಳುತ್ತಿತ್ತು. ಎಲ್ಲರೂ ಮುಂದಕ್ಕೆ ಬಾಗಿದ್ದರು. ಅವನು ಬೇಡವೆಂದರೂ ಒಳಗೆ ಎಣಿಕೆ ನಡೆಯಿತು. "ಮಂದಿಗಿ ಕೇಳ್ಲಿ ಅಂತ್ರಿ," ಎಂದ. ಬಾಧಿತಳ ಸಹಾಯಕ್ಕೆ ಜನರು ಬರಲೆಂಬ ಉದ್ದೇಶದಿಂದ ಎಂದು ನ್ಯಾಯಾಧೀಶರು ಬರೆಸಿದರು. ಟೈಪ್‌ರೈಟರ್ ಟಕಟಕ ಎಂದಿತು. ಅಲ್ಲ ಎನ್ನುವುದಕ್ಕೆ ಹೊತ್ತಿತ್ತು. ಟೈಪಿಸ್ಟು ಸಾಲು ಮುಗಿಸಿ ಕಾಗದ ಮೇಲೆತ್ತಿದ, ರುಜು ಮಾಡು ಎಂದರು, ಮಾಡಿದ. ನರಸಿಂಗ ಆರೋಪಿಯ ಕಟಕಟೆಯ ಕೋಲು ಹಿಡಿದು ಅವನನ್ನು ನೋಡುತ್ತಿದ್ದ, ತನ್ನ ಪಾಲನ್ನೂ ತಿಂದವನನ್ನು ನೋಡುವಂತೆ.

ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದಾಗ ದ್ರೌಪತಿ ಬಂದಳು. ಅವನ ಕಾಲಿಗೆ ಬಾಗಲು ಹೋದಳು. ಅವನು ಕಾಲು ಮೇಲೆಳೆದುಕೊಂಡ. ಅವಳು ಈಗ ಬಸ್ ಸ್ಟಾಂಡಿನ ಹತ್ತಿರ ಭಜಿಯ ಬಂಡಿ ಇಟ್ಟಿದ್ದಾಳೆ, ಬೆಳಿಗ್ಗೆ ಅವನಿಗಾಗಿಯೇ ಕರಿದು ತಂದಿದ್ದಳು. ಕಾಗದ ಬಿಚ್ಚಿ ಅವನ ಕೈಗೆ ಕೊಟ್ಟು, ನೀನು ಬರುತ್ತೀಯೆಂದು ನನಗೆ ಗೊತ್ತಿತ್ತಣ್ಣ, ವಕೀಲರೇ ನಂಬಿರಲಿಲ್ಲ ಎಂದಳು. ಕಟ್ಟೆಯ ಮೇಲೆ ಅವನ ಪಕ್ಕ ಕೂತಳು. ಅವಳ ಎಡಗಿವಿ ಅವನ ಕಡೆಗಿತ್ತು. ಕಿವಿಯ ಹಿಂದೆ ಕೂದಲು ಬೆಳೆಯದ ಒಂದು ಗೆರೆ. ಅದು ಸತ್ತ ಕಿವಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆಗೆದ. ರಸ್ತೆಯನ್ನು ನೋಡುತ್ತ, ದನಿ ಏರಿಸದೆ, ಎಲ್ಲವನ್ನೂ ಆ ಕಿವಿಗೆ ಹೇಳಿದ. ಉಸ್ತಾದ್ ಕಲಿಸಿದ್ದು, ಐದು ಎಣಿಸಿದ್ದು, ಎರಡನೆಯ ದಿನ ಆದ ಸಂತೋಷ, ಹೂವಿನ ಹಾರ, ರೀಲು ಬದಲಿಸಿದ್ದು. ಹೇಳುತ್ತ ಹೇಳುತ್ತ ಎದೆ ಹಗುರಾಯಿತು, ಮತ್ತು ಹಗುರಾದದ್ದಕ್ಕೆ ತನ್ನ ಮೇಲೆ ಹೇಸಿಗೆ ಬಂತು. ದ್ರೌಪತಿ ರಸ್ತೆಯಲ್ಲಿ ಹೋಗುವ ಎತ್ತಿನ ಬಂಡಿ ನೋಡುತ್ತ ಕೂತಿದ್ದವಳು, ಅವನ ತುಟಿ ಅಲುಗುವುದು ಕಂಡು ತಿರುಗಿದಳು.

"ಏನರ ಅಂದಿ ಏನಣ್ಣ? ಆ ಕಿವಿ ಸತ್ತದ. ಈ ಕಡಿ ಬಂದು ಹೇಳು."

ಏನಿಲ್ಲ, ಬಸ್ಸಿನ ಹೊತ್ತಾಯಿತು ಎಂದರೆ ಮುಗಿಯುತ್ತಿತ್ತು. ಅವಳು ಬಲಗಿವಿಯ ಸೆರಗು ಸರಿಸಿ, ತುಸು ಬಾಗಿ ಕಾಯುತ್ತಿದ್ದಳು. ಹೀಗೆಯೇ ಅವಳು ತೆರೆಯ ಹಿಂದೆ ಕಾದಿರಬೇಕು. ತುಳಜಾರಾಮ ಎದ್ದು, ಅವಳನ್ನು ಸುತ್ತಿ ಆಚೆ ಬಂದು ಕೂತು, ಎಣಿಸದೆ, ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಚಿಕ್ಕದಾಗಿ ಮುಗಿಯಿತು. ಆವಾಜ್ ಇಳಿಸಿದ್ದು ನಿನಗಾಗಿ ಅಲ್ಲ. ನಿನ್ನ ಏಟು ಪಿಕ್ಚರಿಗೆ ಚೆನ್ನಾಗಿ ಕೂಡುತ್ತಿತ್ತು, ಅದಕ್ಕೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಯಾವುದೋ ಹಳೆಯ ಸಪ್ಪಳವನ್ನು ಮತ್ತೆ ಕೇಳಿ ನೋಡುತ್ತಿರುವವಳಂತೆ ಹುಬ್ಬು ಕೂಡಿತ್ತು. ಆಮೇಲೆ ಕೇಳಿದಳು.

"ಮಂದಿ ಚಪ್ಪಾಳಿ ಹೊಡಿತಿದ್ರಲ್ಲ ಅಣ್ಣ ದಿನಾ. ಅದು ಪಿಚ್ಚರಿಗಿ ಅಲ್ಲ? ನನಗ ಹೊಡದದ್ದಕ್ಕ?"

"ಹೌದು," ಎಂದ.

ದ್ರೌಪತಿ ಅವನ ಕೈಯಿಂದ ಭಜಿಯ ಕಾಗದವನ್ನು ತೆಗೆದುಕೊಂಡಳು. ಅದನ್ನು ಎಣ್ಣೆ ಸೋರದಂತೆ ಮಡಚಿ ಚೀಲದಲ್ಲಿಟ್ಟಳು. ಸೆರಗನ್ನು ಬಲಗಿವಿಯ ಮೇಲೆ ಎಳೆದುಕೊಂಡು, ಸೊಟ್ಟ ತೋಳನ್ನು ಮತ್ತೊಂದು ಕೈಯಲ್ಲಿ ಹಿಡಿದು, ಹಿಂದೆ ನೋಡದೆ ಸ್ಟಾಂಡಿನ ಕಡೆಗೆ ನಡೆದುಹೋದಳು. ಅವನೂ ಅದೇ ದಾರಿಯಲ್ಲಿ ಹೋಗಬೇಕಿತ್ತು. ಅವಳ ಬೆನ್ನು, ಜಡೆ, ಕುತ್ತಿಗೆ ಕಾಣುವಷ್ಟು ದೂರದಲ್ಲಿ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಅವಳು ಕಾಣದಾಗುವ ತನಕ ನಿಂತು ಆಮೇಲೆ ಹೊರಟ.

ಹುಮನಾಬಾದದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ರಾಜೇಶ್ವರದಲ್ಲಿ ಡ್ರೈವರು ಎಂಜಿನ್ ಬಂದ್ ಮಾಡಿ ಇಳಿದ. ಮಾತು ನಿಂತಿತು. ತುಳಜಾರಾಮ ಮುಂದಿನ ಸೀಟಿನ ಸಲಾಕೆಯನ್ನು ಎರಡೂ ಕೈಯಿಂದ ಹಿಡಿದು ಎಣಿಸಿದ. ಐದಾಯಿತು. ಏನೂ ಬೀಳಲಿಲ್ಲ. ಅವನು ಮತ್ತೆ ಒಂದರಿಂದ ಶುರುಮಾಡಿದ.